ವ್ಯಾನು ಬುಡದಲ್ಲೇ ಇರಲಿ ಮೇಷ್ಟ್ರೇ

ಕಾಫಿ ಆಯ್ತಾ ಮೇಷ್ಟ್ರೇ? ಇತ್ಲಾಗೆ ಬೇಲಿ ಹತ್ರ ಬನ್ನಿ. ಅಲ್ಲಿಂದ ಕೂಗಿದ್ರೆ ನನಗೆ ಅರ್ಧ ಕೇಳುತ್ತೆ, ಎದುರು ಮನೆಯವರಿಗೆ ಪೂರ್ತಿ ಕೇಳುತ್ತೆ. ಆ ದಾಸವಾಳದ ಕೊಂಬೆ ಹುಷಾರು, ಇರುವೆ ಇದಾವೆ.

ಹೂಂ, ಓಮ್ನಿ ತೊಳೀತಿದೀನಿ. ನಿಮ್ಮ ಮಗ ನಿನ್ನೆ ಬೆಂಗಳೂರಿಂದ ಫೋನ್ ಮಾಡಿದ್ದ, ನಿಮಗೆ ಹೇಳಿಲ್ವಾ? ಅವನೂ ಹೆಂಡತೀನೂ ಹಾಸನಕ್ಕೆ ಬಂದು, ನಮ್ಮ ವ್ಯಾನ್ ತಗೊಂಡು ಬೆಟ್ಟಕ್ಕೆ ಹೋಗ್ತಾರಂತೆ. ವ್ಯಾನಲ್ಲೇ ಮಲಗೋದು, ವ್ಯಾನಲ್ಲೇ ಅಡುಗೆ, ಕೊನೇ ರಾತ್ರಿ ಬೆಟ್ಟದ ತುದೀಲಿ ಟೆಂಟ್. ಬೆಳಿಗ್ಗೆ ಎದ್ದು ಟೆಂಟಿನ ಬಾಗಿಲಿಂದ ಕಾಲು ಹೊರಗೆ ಚಾಚಿ ಸೂರ್ಯೋದಯದ ಫೋಟೋ ತೆಗೀಬೇಕಂತೆ. ವ್ಯಾನ್ ಕೊಡೋದಕ್ಕೆ ನನ್ನದೇನೂ ಅಡ್ಡಿ ಇಲ್ಲ, ನನ್ನ ಕೈಯಲ್ಲಿ ಬೆಳೆದ ಹುಡುಗ. ಆದ್ರೆ ಆ ಟೆಂಟಿನ ವಿಷಯಕ್ಕೆ ನಿಮ್ಮ ಹತ್ರ ಎರಡು ಮಾತು ಆಡ್ಬೇಕು. ಫೋನಲ್ಲಿ ಅವನಿಗೆ ಹೇಳಿದ್ರೆ 'ಸರಿ ಅಂಕಲ್' ಅಂತಾನೆ. ಆ ಸರಿಗೆ ಅರ್ಥ ಇಲ್ಲ ಅಂತ ನಿಮಗೂ ಗೊತ್ತು.

ಮೊದಲು ಗಾಡಿ ವಿಷಯ ಮುಗಿಸಿಬಿಡ್ತೀನಿ. ಇದು 1984ರಲ್ಲಿ ರಸ್ತೆಗೆ ಬಂದಾಗ ಬರೀ ಮಾರುತಿ ವ್ಯಾನ್. ಓಮ್ನಿ ಅನ್ನೋ ಹೆಸರು ಬಂದಿದ್ದು 1988ರಲ್ಲಿ. 2019ರಲ್ಲಿ ಕಂಪನಿಯವರು ಮಾಡೋದನ್ನೇ ನಿಲ್ಲಿಸಿದ್ರು. ಅಷ್ಟು ವರ್ಷದಲ್ಲಿ ತರಕಾರಿ ಹೊತ್ತಿದೆ, ಶಾಲೆ ಮಕ್ಕಳನ್ನ ಹೊತ್ತಿದೆ, ಆಂಬ್ಯುಲೆನ್ಸ್ ಆಗಿದೆ, ಆದ್ರೂ ಅದಕ್ಕೆ ಅಂಟಿದ ಅಪಕೀರ್ತಿ ಮಾತ್ರ ಹೋಗಲಿಲ್ಲ. ಸಿನಿಮಾದಲ್ಲಿ ಯಾರನ್ನ ಅಪಹರಿಸಬೇಕಾದ್ರೂ ಇದೇ ಬರಬೇಕು! ಕಳಸದ ಪೇಟೇಲಿ ಒಂದ್ಸಲ ನಮ್ಮನೆಯವಳು ಬಾಗಿಲು ಸರ್‍ರನೆ ಸರಿಸಿ ಇಳಿದಳು ನೋಡಿ, ತರಕಾರಿ ಅಂಗಡಿ ಹುಡುಗ ಎರಡು ಹೆಜ್ಜೆ ಹಿಂದೆ ಹೋದ. ಅವಳು ಕೇಳಿದ್ದು ಕೊತ್ತಂಬರಿ ಸೊಪ್ಪು.

796 ಸಿಸಿ ಇಂಜಿನ್, ಮೂರು ಸಿಲಿಂಡರ್, ಅದೂ ಮುಂದಿನ ಸೀಟಿನ ಕೆಳಗೇ. ಚಾರ್ಮಾಡಿ ಘಾಟಿ ಹತ್ತಿಸಿ ಕೊಟ್ಟಿಗೆಹಾರ ಮುಟ್ಟೋ ಹೊತ್ತಿಗೆ ಡ್ರೈವರಿಗೆ ಕೆಳಗಿಂದ ಶಾಖ ತಟ್ಟಿರುತ್ತೆ. ಏಪ್ರಿಲಲ್ಲಿ ಅದು ಶಿಕ್ಷೆ, ಡಿಸೆಂಬರ್ ಬೆಳಗಿನ ಜಾವ ಅದೇ ಸುಖ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋಕೆ ನಾವು ನಿಲ್ಲಿಸೋದು ಅಂತ ಜನ ಅಂದ್ಕೊಂಡಿದಾರೆ, ನಿಜವಾಗಿ ನಿಲ್ಲಿಸೋದು ಇಂಜಿನ್ ತಣ್ಣಗಾಗಲಿ ಅಂತ. ದೋಸೆ ಅದರ ಜೊತೆಗೆ.

ಹಿಂದಿನ ಸೀಟು ಮಡಚಿ, ಮೇಲೆ ಪ್ಲೈವುಡ್ ಹಲಗೆ ಕೂರಿಸಿ, ಹಲಗೆ ಮೇಲೆ ಹಾಸಿಗೆ, ಇಷ್ಟೇ ನನ್ನ ಏರ್ಪಾಟು. ಹಲಗೆ ಕೆಳಗೆ ಪಾತ್ರೆ, ನೀರಿನ ಕ್ಯಾನು, ಅಕ್ಕಿ. ಉದ್ದ ಇರೋರು ಕಾಲು ಮಡಚಿ ಮಲಗಬೇಕು. ನಿಮ್ಮ ಮಗ ಕೇಳಿದ, 'ಅಂಕಲ್, ಸೀಟೆಲ್ಲ ಕಿತ್ತು ಮಂಚ, ಸಿಂಕು, ಕಪಾಟು ವೆಲ್ಡಿಂಗ್ ಮಾಡಿಸಬಾರದಾ?' ಮಾಡಿಸಬಾರದಪ್ಪಾ ಅಂದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ರೂಪವನ್ನ ನಮ್ಮಿಷ್ಟಕ್ಕೆ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿತು. ಅದಕ್ಕೇ ನನ್ನ ಹಲಗೆಗೆ ಒಂದು ಮೊಳೆಯೂ ಇಲ್ಲ. ಎತ್ತಿ ಹೊರಗಿಟ್ರೆ ವ್ಯಾನು ಮತ್ತೆ ವ್ಯಾನೇ, ನಾಳೆ ನಿಮ್ಮ ತೆಂಗಿನಕಾಯಿ ಮಂಡಿಗೆ ಸಾಗಿಸಬಹುದು.

ಇನ್ನೆರಡು ಮಾತು ಅವನಿಗೆ ನೀವೇ ಹೇಳಿ, ಅಪ್ಪ ಹೇಳಿದ್ರೆ ತೂಕ ಇರುತ್ತೆ. ರಾತ್ರಿ ಚಳಿ ಅಂತ ಕಿಟಕಿ ಪೂರ್ತಿ ಮುಚ್ಚಿ ಮಲಗೋದು ಬೇಡ. ಇಬ್ಬರ ಉಸಿರಿನ ತೇವವೆಲ್ಲ ತಗಡಿಗೆ ಕೂತು ಬೆಳಿಗ್ಗೆ ಹೊತ್ತಿಗೆ ಹನಿ ಹನಿಯಾಗಿ ಮೂಗಿನ ಮೇಲೆ ಬೀಳುತ್ತೆ. ಎರಡೂ ಕಡೆ ಎರಡು ಬೆರಳು ಸಂದಿ ಬಿಟ್ಟು ಸೊಳ್ಳೆಪರದೆ ಬಟ್ಟೆ ಕಟ್ಟಿದೀನಿ, ಅದನ್ನ ಕೀಳಬಾರದು. ಮತ್ತೆ ಒಳಗೆ ಸ್ಟವ್ ಹಚ್ಚೋದು, ಅಗ್ಗಿಷ್ಟಿಕೆ ಇಟ್ಟುಕೊಳ್ಳೋದು ಸುತರಾಂ ಬೇಡ. ಇದ್ದಿಲಿನ ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬೆಚ್ಚಗೆ ಮಲಗಿದೋರು ಮತ್ತೆ ಏಳಲ್ಲ. ವ್ಯಾನಲ್ಲಿರೋ ಐದು ಕೆಜಿ ಸಿಲಿಂಡರ್ ಹೊರಗಿಳಿಸಿ, ಗಾಳಿಗೆ ಮರೆ ಕಟ್ಟಿ, ಬಯಲಲ್ಲಿ ಅಡುಗೆ ಮಾಡ್ಕೊಳ್ಳಲಿ.

ಈಗ ಟೆಂಟಿಗೆ ಬರ್ತೀನಿ. ನಮ್ಮ ಘಟ್ಟದಲ್ಲಿ ಎತ್ತರದ ಹೆಸರಾಂತ ಬೆಟ್ಟ ಅಂದ್ರೆ ಯಾವುದು ಹೇಳಿ? ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್, ನಮ್ಮ ರಾಜ್ಯದಲ್ಲೇ ಎತ್ತರ. ಅಲ್ಲಿ ಟೆಂಟ್ ಇಲ್ಲ, ಈಗ ವಾಹನ ಮೇಲೆ ಹೋಗಬೇಕಾದ್ರೂ ಮೊದಲೇ ಬುಕ್ ಮಾಡ್ಬೇಕು. ಕುದುರೆಮುಖ, 1,894 ಮೀಟರ್. 1987ರಿಂದ ರಾಷ್ಟ್ರೀಯ ಉದ್ಯಾನ, ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳೀಬೇಕು, ರಾತ್ರಿ ಉಳಿಯೋ ಮಾತೇ ಇಲ್ಲ. ಕುಮಾರ ಪರ್ವತ, 1,712 ಮೀಟರ್, ಸೋಮವಾರಪೇಟೆ ಕಡೆಯಿಂದ ಹೋದ್ರೆ ಪುಷ್ಪಗಿರಿ ವನ್ಯಜೀವಿ ಧಾಮ. ಅಲ್ಲೂ ತುದೀಲಿ ಮಲಗೋ ಹಾಗಿಲ್ಲ. ಕೊಡಗಿನ ತಡಿಯಂಡಮೋಳ್, 1,748. ಅಲ್ಲೂ ಇಲ್ಲ. ಹಾಗಾದ್ರೆ ಎಲ್ಲಿ ಹಾಕ್ತಾನೆ ಟೆಂಟು? ಎಲ್ಲೋ ಕದ್ದು ಹಾಕ್ತಾನೆ. ಬೆಳಿಗ್ಗೆ ಸೂರ್ಯ ಬರೋ ಮುಂಚೆ ಫಾರೆಸ್ಟ್ ಗಾರ್ಡ್ ಬರ್ತಾನೆ.

ನೀವು ನಗ್ತೀರಿ. ಅವನು 'ವಿದೇಶದಲ್ಲಿ ಎಲ್ಲಿ ಬೇಕಾದ್ರೂ ವ್ಯಾನ್ ನಿಲ್ಲಿಸಿ ಮಲಗ್ತಾರೆ' ಅಂತ ನನಗೆ ನ್ಯೂಜಿಲೆಂಡಿನ ವಿಡಿಯೋ ಕಳಿಸಿದಾನೆ. ನೋಡಿದೆ. ಸರೋವರ, ಹಿಮದ ಬೆಟ್ಟ, ವ್ಯಾನಿನ ಹಿಂದಿನ ಬಾಗಿಲು ತೆಗೆದು ಕಾಫಿ ಕುಡಿಯೋ ಹುಡುಗಿ. ಚೆನ್ನಾಗೇ ಇದೆ. ಆದ್ರೆ ಆ ವಿಡಿಯೋದಲ್ಲಿ ಕಾಯ್ದೆ ತೋರಿಸಲ್ಲ. ಅಲ್ಲಿ ಹೀಗೆ ಹೊರಗೆ ಬೀಡು ಬಿಡೋದಕ್ಕೇ ಅಂತ 2011ರಲ್ಲೇ ಒಂದು ಕಾಯ್ದೆ ಬಂದಿದೆ. 2023ರಲ್ಲಿ ಅದನ್ನ ಇನ್ನೂ ಬಿಗಿ ಮಾಡಿ, ವ್ಯಾನಿನೊಳಗೆ ಅಲ್ಲಾಡದ ಹಾಗೆ ಕೂರಿಸಿದ ಟಾಯ್ಲೆಟ್ ಇದ್ರೆ ಮಾತ್ರ 'ಸ್ವಯಂಪೂರ್ಣ ವಾಹನ' ಅನ್ನೋ ಸರ್ಟಿಫಿಕೇಟು ಅಂತ ಮಾಡಿದ್ರು. ಬಕೆಟ್ ಇಟ್ಟುಕೊಂಡು ಹೋದೋರಿಗೆ ದಂಡ. ಅದೂ ಸಾಲದು ಅಂತ ಆ ಬೆಟ್ಟಗಳಲ್ಲಿ ಕೀಯ ಅಂತ ಒಂದು ಗಿಳಿ ಇದೆ, ಹಸಿರು ಬಣ್ಣ, ಕೊಕ್ಕೆಯಂಥ ಕೊಕ್ಕು. ನಿಂತ ಗಾಡಿಗಳ ವೈಪರ್ ರಬ್ಬರು, ಕಿಟಕಿ ರಬ್ಬರು ಕಿತ್ತು ಆಟ ಆಡುತ್ತೆ. ನಮ್ಮ ಮಂಗಗಳಾದ್ರೂ ಬಾಳೆಹಣ್ಣು ಕೇಳ್ತಾವೆ, ರಬ್ಬರ್ ಕೇಳಲ್ಲ.

ನನ್ನ ವಾದ ಕಾನೂನಿನದ್ದಲ್ಲ ಮೇಷ್ಟ್ರೇ. ಕಾನೂನು ಇಲ್ಲದೇ ಇದ್ರೂ ನಾನು ತುದೀಲಿ ಮಲಗಲ್ಲ. ನಮ್ಮ ಬೆಟ್ಟಗಳ ತಲೆ ಬೋಳು, ಬರೀ ಹುಲ್ಲು. ಮರ ಇರೋದು ಕಣಿವೆಯ ಮಡಿಕೆಯಲ್ಲಿ, ಶೋಲಾ ಕಾಡು ಅಂತಾರಲ್ಲ, ಅಲ್ಲಿ. ನೀರೂ ಅಲ್ಲೇ. ಮಳೆ ಬಂದಾಗ ಹುಲ್ಲೂ ಮಣ್ಣೂ ನೀರನ್ನ ಕುಡಿದಿಟ್ಟುಕೊಂಡು ಕೆಳಗಿನ ಮಡಿಕೆಗೆ ಸಾವಕಾಶ ಬಿಡ್ತಾವೆ, ಆಮೇಲೆ ಅದೇ ತುಂಗೆ, ಭದ್ರೆ, ನೇತ್ರಾವತಿ. ಅಂಥ ಹುಲ್ಲಿನ ಮೇಲೆ ವಾರಾವಾರ ನೂರು ಟೆಂಟ್ ಹಾಕಿ, ಸುತ್ತ ಕಾಲುವೆ ತೋಡಿ, ನಡುವೆ ಬೆಂಕಿ ಹಾಕಿದ್ರೆ ಏನಾಗುತ್ತೆ? ಒಂದು ಮಳೆಗಾಲದಲ್ಲಿ ಮಣ್ಣು ಜಾರಿ ಕೆಳಗಿನ ತೋಟಕ್ಕೆ ಇಳಿಯುತ್ತೆ. ಆ ತೋಟದೋನು ಬೆಟ್ಟ ಹತ್ತಿ ಫೋಟೋ ತೆಗೆಸಿಕೊಂಡೋನಲ್ಲ.

ಮಲಗೋನಿಗೂ ಅಲ್ಲಿ ಸುಖ ಇಲ್ಲ. ಸಾವಿರ ಮೀಟರ್ ಮೇಲೇರಿದ್ರೆ ಆರೇಳು ಡಿಗ್ರಿ ಶಾಖ ಇಳಿಯುತ್ತೆ, ಅದರ ಮೇಲೆ ಗಾಳಿ. ಪಶ್ಚಿಮದ ಸಮುದ್ರದ ಕಡೆಯಿಂದ ಬಂದ ಗಾಳಿಗೆ ಮೊದಲು ಎದುರಾಗೋ ಗೋಡೆ ಈ ಬೆಟ್ಟಸಾಲೇ. ಟೆಂಟಿನ ಬಟ್ಟೆ ರಾತ್ರಿ ಪೂರ್ತಿ ಪಟಪಟ ಬಡಿದುಕೊಳ್ತಾ ಇರುತ್ತೆ. ಕುಡಿಯೋ ನೀರು ಕೆಳಗಿಂದ ಹೊರಬೇಕು. ಮುಂಗಾರಿಗೆ ಮುಂಚೆ, ಹಿಂಗಾರಿನಲ್ಲಿ ಗುಡುಗು ಮಿಂಚು ಅಂದ್ರೆ ಬೋಳುಗುಡ್ಡದ ತುದೀಲಿ ಎಲ್ಲಕ್ಕಿಂತ ಎತ್ತರದ ವಸ್ತು ಯಾವುದು? ನಿಮ್ಮ ಮಗ. ಕೈಯಲ್ಲಿ ಕಬ್ಬಿಣದ ಟೆಂಟ್ ಗೂಟ.

ಹಿಂದಿನವರು ಇದನ್ನ ಬಲ್ಲೋರಾಗಿದ್ರು. ಕೊಡಗಿನ ದೊಡ್ಡ ವೀರರಾಜೇಂದ್ರ 1792ರಲ್ಲಿ ನಾಲ್ಕುನಾಡು ಅರಮನೆ ಕಟ್ಟಿಸಿದ್ದೆಲ್ಲಿ? ತಡಿಯಂಡಮೋಳಿನ ಬುಡದಲ್ಲಿ. ರಾಜ ಅವನು, ಬೇಕಾಗಿದ್ರೆ ತುದೀಲೇ ಕಟ್ಟಿಸ್ತಿದ್ದ. 'ಮುಳ್ಳಯ್ಯನಗಿರಿ ತುದೀಲಿ ಗದ್ದುಗೆ ಇಲ್ವಾ, ಕೊಡಚಾದ್ರಿ ತುದೀಲಿ ಸರ್ವಜ್ಞ ಪೀಠ ಇಲ್ವಾ' ಅಂತ ನೀವು ಬಾಯಿ ತೆಗೆಯೋದು ಗೊತ್ತು. ಇದೆ ಸ್ವಾಮಿ. ಅಲ್ಲಿ ಕೂತೋರು ಲೋಕ ಬಿಟ್ಟು ಕೂತೋರು, ಸ್ಪೀಕರ್ ಹೊತ್ತುಕೊಂಡು ಬಂದು ಮ್ಯಾಗಿ ಬೇಯಿಸೋಕೆ ಕೂತೋರಲ್ಲ.

2024ರ ಜನವರೀಲಿ ಗಣರಾಜ್ಯೋತ್ಸವದ ರಜೆ ಬಂತಲ್ಲ, ಆಗ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ್ರು. ಟಿಕೆಟ್ಟಿನ ಸಾಲಿನ ಫೋಟೋ ಎಲ್ಲರ ಮೊಬೈಲಿಗೂ ಬಂತು, ದೇವಸ್ಥಾನದ ಸಾಲಿಗಿಂತ ಉದ್ದ. ಅದಾದ ಮೇಲೇ ಸರ್ಕಾರ ಚಾರಣಗಳನ್ನ ನಿಲ್ಲಿಸಿ, ಆಮೇಲೆ ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಅಂತ ವೆಬ್‌ಸೈಟ್ ಮಾಡಿ, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಕಟ್ಟು ಹಾಕಿದ್ದು. ಬೈದೋರು ಬಹಳ. ನಾನು ಬೈಯಲ್ಲ. ಬೆಟ್ಟ ಹತ್ತುವಾಗ ಮುಂದಿನವನ ಹಿಮ್ಮಡಿ ಬಿಟ್ಟು ಬೇರೇನಾದ್ರೂ ಕಾಣಬೇಕಾದ್ರೆ ಹೀಗೊಂದು ಲೆಕ್ಕ ಬೇಕೇ ಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸ್ತಾರೆ, ಅದೂ ಸರಿಯೇ. ಫೆಬ್ರವರಿ ಕಳೆದ ಮೇಲೆ ಆ ಹುಲ್ಲಿಗೆ ಒಂದು ಬೀಡಿ ತುಂಡು ಸಾಕು.

ಇನ್ನೊಂದು ನೋಡಿ. ಕುದುರೆಮುಖದ ಪೇಟೆ ಇದೆಯಲ್ಲ, ಕಬ್ಬಿಣದ ಅದಿರಿನ ಕಂಪನಿ ಕಟ್ಟಿಸಿದ ಊರು. 1976ರಲ್ಲಿ ಶುರುವಾದ ಕಂಪನಿ, ಅದಿರಿನ ಪುಡಿಯನ್ನ ನೀರಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿನ ತನಕ ಹರಿಸ್ತಿದ್ರು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಆಯ್ತು, 2005ರ ಕೊನೆಗೆ ಗಣಿ ನಿಂತುಹೋಯ್ತು. ಈಗ ವ್ಯಾನಲ್ಲಿ ಆ ಬೀದಿಗಳಲ್ಲಿ ಹೋದ್ರೆ ಸಾಲು ಸಾಲು ಕ್ವಾರ್ಟರ್ಸ್, ಬೀಗ ಹಾಕಿದ ಬಾಗಿಲು, ಗೋಡೆ ಮೇಲೆ ಪಾಚಿ. ಕೋಟಿಗಟ್ಟಲೆ ವಹಿವಾಟಿನ ಗಣಿಯನ್ನೇ ಹೊರಗೆ ಹಾಕಿದ ಕಾಡು ನಿಮ್ಮ ಮಗನ ಎರಡು ಜನರ ಟೆಂಟಿಗೆ ವಿನಾಯಿತಿ ಕೊಡಬೇಕಾ?

ಹಾಗಾದ್ರೆ ವ್ಯಾನ್ ಯಾಕೆ ಅಂತ ಕೇಳಿದ್ರಿ. ಒಳ್ಳೆ ಪ್ರಶ್ನೆ. ಬೆಟ್ಟದ ಬುಡದಲ್ಲಿ ಮಲಗೋಕೆ. ಗೇಟ್ ಬೆಳಿಗ್ಗೆ ಆರಕ್ಕೆ ತೆಗೆದ್ರೆ ಆರಕ್ಕೇ ಅಲ್ಲಿರೋಕೆ. ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಕೂತು, ನಿದ್ದೆಗೆಟ್ಟು, ಕೆಂಗಣ್ಣಲ್ಲಿ ಬಂದು ನೇರ ಬೆಟ್ಟ ಹತ್ತೋ ಹುಡುಗರನ್ನ ನೋಡಿದೀನಿ. ಅರ್ಧ ದಾರೀಲಿ ವಾಂತಿ, ಇಳಿಯುವಾಗ ಮಂಡಿ ನಡುಕ. ನಾವು ಹಿಂದಿನ ದಿನ ಮಧ್ಯಾಹ್ನವೇ ಹೋಗಿ, ಊಟ ಮಾಡಿ, ಊರೋರ ಹತ್ರ ನಾಲ್ಕು ಮಾತಾಡಿ, ಎಂಟು ಗಂಟೆಗೆ ಮಲಗಿಬಿಡ್ತೀವಿ. ಮಳೆ ಕಂಡ್ರೆ ಹತ್ತಲ್ಲ, ಇನ್ನೊಂದು ದಿನ ಇರ್ತೀವಿ. ಇಷ್ಟವಾಗದಿದ್ರೆ ಬೇರೆ ಊರಿಗೆ ಗಾಡಿ ತಿರುಗಿಸ್ತೀವಿ. ಹೋಟೆಲ್ ರೂಮಿಗೆ ದುಡ್ಡು ಕಟ್ಟಿದೋನು ಮಳೆಯಲ್ಲೂ ಹತ್ತುತಾನೆ, ದುಡ್ಡು ದಂಡ ಆಗಬಾರದು ಅಂತ. ಕಾಲು ಮುರಿದುಕೊಳ್ಳೋರಲ್ಲಿ ಬಹಳ ಜನ ಅಂಥೋರೇ ಅನ್ನೋದು ನನ್ನ ಅನುಮಾನ.

ಇದೇನು ಹೊಸದಲ್ಲ. ನಮ್ಮ ಅಜ್ಜ ಜಾತ್ರೆಗೆ ಕಮಾನು ಗಾಡಿ ಕಟ್ಟಿಕೊಂಡು ಹೋಗ್ತಿದ್ದಂಗೇ ಇದು. ಮೂಟೆ ಅಕ್ಕಿ, ಬೆಲ್ಲ, ಕಂಬಳಿ, ಗಾಡಿ ಕೆಳಗೆ ಲಾಟೀನು. ಎತ್ತಿಗೆ ದಣಿವಾದಲ್ಲಿ ಬಿಡಾರ. ಅಜ್ಜನೂ ಬೆಟ್ಟದ ಮೇಲೆ ಗಾಡಿ ಹೊಡೆಯಲಿಲ್ಲ.

ಬಿಡಾರಕ್ಕೆ ಜಾಗ ಯಾವುದು ಅಂದ್ರೆ, ಯಾರದಾದ್ರೂ ಅಂಗಳ. ರಸ್ತೆ ಪಕ್ಕ ಅಲ್ಲ, ಎಸ್ಟೇಟ್ ದಾರಿಯಲ್ಲಂತೂ ಅಲ್ಲ. ನಮ್ಮ ಸಕಲೇಶಪುರ, ಮೂಡಿಗೆರೆ ಕಡೆ ರಾತ್ರಿ ಆ ದಾರಿ ಆನೆಯದು. ಅದು ಬಂದು ವ್ಯಾನಿನ ತಗಡಿಗೆ ಮೈ ತಿಕ್ಕಿದ್ರೆ ಹಾರ್ನ್ ಹೊಡೆಯೋಕೂ ಕೈ ಬರಲ್ಲ. ಅಂಗಳದಲ್ಲಾದ್ರೆ ನಾಯಿ ಬೊಗಳುತ್ತೆ, ಮನೆಯೋರು ಏಳ್ತಾರೆ. ಹೋಂಸ್ಟೇ ಇರೋರು ಗಾಡಿ ನಿಲ್ಲಿಸಿಕೊಳ್ಳೋಕೆ, ಬಚ್ಚಲು ಬಳಸೋಕೆ ಇಷ್ಟು ಅಂತ ತಗೊಂಡು ಬಿಡ್ತಾರೆ. ಬಚ್ಚಲಿನ ಷರತ್ತು ನಮ್ಮನೆಯವಳದು. ಮೊದಲ ಸಲವೇ ಹೇಳಿಬಿಟ್ಟಳು, 'ಪೊದೆ ಹಿಂದೆ ಹೋಗೋ ಪ್ರವಾಸ ನಿಮಗಿರಲಿ, ಬಾಗಿಲಿಗೆ ಚಿಲಕ ಇರೋ ಕಡೆ ನಿಲ್ಲಿಸಿದ್ರೆ ಮಾತ್ರ ನಾನು ಬರೋದು.' ನಿಮ್ಮ ಸೊಸೆ ಇದನ್ನ ಬಾಯಿಬಿಟ್ಟು ಹೇಳದೇ ಇರಬಹುದು, ಹೊಸ ಹುಡುಗಿ. ಅವನೇ ತಿಳ್ಕೊಬೇಕು. ಮಲೆನಾಡಿನ ಬಚ್ಚಲು ಅಂದ್ರೆ ಗೊತ್ತಲ್ಲ, ಅಡಿಕೆ ಸಿಪ್ಪೆ ಒಟ್ಟಿ ಕಾಯಿಸಿದ ಹಂಡೆ ನೀರು. ಬೆಟ್ಟ ಇಳಿದು ಬಂದ ಮಂಡಿಗೆ ಅದಕ್ಕಿಂತ ಒಳ್ಳೆ ಔಷಧಿ ನಾನು ಕಂಡಿಲ್ಲ.

ಕಾರಂತರ 'ಬೆಟ್ಟದ ಜೀವ' ನೀವೇ ತಾನೇ ಮಕ್ಕಳಿಗೆ ಪಾಠ ಮಾಡಿದ್ದು? 1943ರ ಕಾದಂಬರಿ. ಸುಬ್ರಹ್ಮಣ್ಯದ ಕಡೆ ದಾರಿ ತಪ್ಪಿದೋನಿಗೆ ಕುಮಾರ ಪರ್ವತದ ತಪ್ಪಲಲ್ಲಿ ಗೋಪಾಲಯ್ಯನವರ ಮನೆ ಸಿಗುತ್ತೆ. ಯಾರು, ಯಾವೂರು ಅಂತ ಕೇಳೋ ಮುಂಚೆ ಎಣ್ಣೆನೀರು, ಊಟ. ಕಥೆ ಇರಬಹುದು, ಆದ್ರೆ ಆ ಸೀಮೆಯಲ್ಲಿ ಅದು ಬರೀ ಕಥೆ ಅಲ್ಲ. ಕುಕ್ಕೆಯಿಂದ ಹತ್ತೋ ದಾರೀಲಿ ಗಿರಿಗದ್ದೆಯ ಭಟ್ಟರ ಮನೆ ಇದೆ. ದಶಕಗಳಿಂದ ಕುಮಾರ ಪರ್ವತಕ್ಕೆ ಹೋದೋರೆಲ್ಲ ಅನ್ನ, ಸಾರು, ಮಜ್ಜಿಗೆ ಉಂಡಿದ್ದು ಅಲ್ಲೇ. ಆ ಏರು ಹತ್ತಿ ಬಂದೋನಿಗೆ ಆ ಮಜ್ಜಿಗೆ ಅಂದ್ರೆ... ಹೋಗಲಿ ಬಿಡಿ, ನಿಮಗೆ ಬೆಳಿಗ್ಗೆ ಬೆಳಿಗ್ಗೆ ಹಸಿವು ತರಿಸಲ್ಲ. ಅಲ್ಲಿಂದ ಮುಂದೆ ಕಲ್ಲು ಮಂಟಪ, ಶೇಷ ಪರ್ವತ, ಆಮೇಲೆ ಕಾಡೊಳಗೊಂದು ಇಳಿಜಾರು, ಮತ್ತೆ ಬಂಡೆ ಏರು. ಕುಕ್ಕೆಯಿಂದ ತುದಿಗೆ ಒಂದು ಕಡೆಗೇ ಹದಿಮೂರು ಕಿಲೋಮೀಟರ್ ಆಸುಪಾಸು. ಒಂದೇ ದಿನದಲ್ಲಿ ಹತ್ತಿ ಇಳಿಯೋದು ಹುಡುಗಾಟವಲ್ಲ, ಮೊದಲ ಸಲಕ್ಕೆ ಅವನಿಗೆ ಬೇಡ ಅಂತಲೇ ನನ್ನ ಅಭಿಪ್ರಾಯ.

ಅವನಿಗೆ ಸರಿಯಾದದ್ದು ಕುದುರೆಮುಖ. ಇಲ್ಲಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ಹಿಡಿದು ಕಳಸ. ಕಳಸೇಶ್ವರನಿಗೆ ಕೈ ಮುಗಿದು, ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿ ಊಟ. ಬಂದೋರು ಯಾರಾದ್ರೂ ಸರಿ, ಅಲ್ಲಿ ಊಟ ಇಲ್ಲ ಅನ್ನೋ ಮಾತಿಲ್ಲ. ರಾತ್ರಿಗೆ ಸಂಸೆ ಕಡೆ ಯಾವುದಾದ್ರೂ ಅಂಗಳ. ಆ ಕಡೆಯಿಂದ ನೋಡಿದ್ರೆ ಬೆಟ್ಟಕ್ಕೆ ಕುದುರೆಯ ಮೂತಿ ಕಾಣುತ್ತೆ ಅಂತಾರೆ. ನಮ್ಮನೆಯವಳಿಗೆ ಕಾಣುತ್ತೆ, ನನಗೆ ಇವತ್ತಿನವರೆಗೂ ಎಮ್ಮೆಯ ಬೆನ್ನೇ ಕಾಣೋದು. ನಡಿಗೆ ಶುರುವಾಗೋದು ಮುಳ್ಳೋಡಿಯಿಂದ. ಆ ಮುಳ್ಳೋಡಿ ರಸ್ತೆಗೆ ಓಮ್ನಿ ಇಳಿಸಬಾರದು, ಇದನ್ನ ಮಾತ್ರ ಅವನ ಹತ್ರ ಆಣೆ ಹಾಕಿಸಿಕೊಳ್ಳಿ! ಬಂಡೆ, ಹಳ್ಳ, ಕೆಸರು. ಬಾಳೆಗಲ್ಲಿಂದ ಊರಿನ ಜೀಪುಗಳಿದಾವೆ, ಜೀಪಲ್ಲಿ ಹೋಗಲಿ. 'ನಾನು ಚೆನ್ನಾಗಿ ಓಡಿಸ್ತೀನಿ' ಅಂತಾನೆ. ಓಡಿಸಬಹುದು, ನನ್ನ ಗಾಡಿಯ ಹೊಟ್ಟೆ ನೆಲಕ್ಕೆ ಎಷ್ಟು ಹತ್ರ ಇದೆ ಅಂತ ಅವನಿಗೆ ಗೊತ್ತಿಲ್ಲ. ಜೀಪಿನ ಡ್ರೈವರುಗಳ ಹೊಟ್ಟೆಪಾಡೂ ಅದೇ ಅಲ್ವಾ?

ನಡಿಗೆ ಹೋಗಿ ಬರೋದು ಹದಿನೆಂಟು ಇಪ್ಪತ್ತು ಕಿಲೋಮೀಟರ್. ಏರು ನಿಧಾನ, ಮೈಮುರಿಯೋದಲ್ಲ, ಆದ್ರೆ ಮುಗಿಯೋದೂ ಇಲ್ಲ. ಹಳ್ಳ ದಾಟಬೇಕು, ಶೋಲಾ ಒಳಗೆ ಹೊಕ್ಕು ಹೊರಗೆ ಬರಬೇಕು, ಆಮೇಲೆ ಬೆಟ್ಟದ ಬೆನ್ನಿನ ಮೇಲೆ ಹುಲ್ಲಿನ ದಾರಿ. ತುದೀಲಿ ಮೋಡ ಇದ್ರೆ ಏನೂ ಕಾಣಲ್ಲ. ಅವನು ಬೇಜಾರು ಮಾಡ್ಕೋತಾನೆ. ಹೇಳಿ, ಹದಿನೈದು ನಿಮಿಷ ಕೂರಲಿ, ಗಾಳಿ ಮೋಡವನ್ನ ಒಂದು ಸಲ ಎತ್ತಿ ತೋರಿಸುತ್ತೆ. ಕೆಳಗೆ ಕರಾವಳಿ ಕಡೆಗೆ ಕಡಿದಾದ ಪ್ರಪಾತ. ಬುತ್ತಿ ಅಲ್ಲಿ ಬಿಚ್ಚಲಿ. ಮೊಸರನ್ನ ಬೇಡ, ಬಿಸಿಲಿಗೆ ಹುಳಿಯಾಗುತ್ತೆ. ಪುಳಿಯೋಗರೆ, ಚಪಾತಿ ಚಟ್ನಿಪುಡಿ, ಇಲ್ಲದಿದ್ರೆ ಅವಲಕ್ಕಿ ಬೆಲ್ಲ. ಪ್ಲಾಸ್ಟಿಕ್ ಚೀಲಗಳನ್ನ ಗೇಟಲ್ಲೇ ನೋಡ್ತಾರೆ, ಬಾಳೆ ಎಲೇಲಿ ಕಟ್ಟಿಕೊಂಡ್ರೆ ತಂಟೆಯೇ ಇಲ್ಲ.

ಇಂಬಳದ ಬಗ್ಗೆ ಸೊಸೆಗೆ ಮೊದಲೇ ಹೇಳಿಡಿ. ಜಿಗಣೆ ಅಂತೀವಲ್ಲ ನಾವು, ಮಲೆನಾಡಿನೋರು ಇಂಬಳ ಅಂತಾರೆ. ಮಳೆಗಾಲ ಮುಗಿದ ಮೇಲೂ ತೇವ ಇರೋ ಕಡೆ ಇರ್ತಾವೆ. ಕಚ್ಚಿದ್ದೇ ಗೊತ್ತಾಗಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಹಿರುಡಿನ್ ಅಂತ ಒಂದು ರಸ ಬಿಡುತ್ತೆ, ಅದಕ್ಕೇ ಬಿಟ್ಟ ಮೇಲೂ ರಕ್ತ ಸೋರ್ತಾನೇ ಇರೋದು. ನೋಡೋಕೆ ಭಯಂಕರ, ಅಪಾಯ ಏನಿಲ್ಲ. ಕಿತ್ತು ಎಳೀಬಾರದು, ಉಪ್ಪೋ ಸುಣ್ಣವೋ ಮುಟ್ಟಿಸಿದ್ರೆ ತಾನೇ ಬಿದ್ದುಹೋಗುತ್ತೆ. ಹೊಗೆಸೊಪ್ಪಿನ ನೀರು ಕಾಲಿಗೆ ಹಚ್ಚಿಕೊಳ್ಳೋರೂ ಇದಾರೆ.

ಹೆದರಬೇಕಾದದ್ದು ಇಂಬಳಕ್ಕಲ್ಲ, ಉಣುಗಿಗೆ. ಸಾಸಿವೆ ಕಾಳಿಗಿಂತ ಸಣ್ಣದು, ಒಣ ಎಲೆ ಮೇಲೆ ಇರುತ್ತೆ. ಮಂಗನ ಕಾಯಿಲೆ ಹರಡೋದು ಅದೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಜ್ವರ, ಇವತ್ತಿಗೂ ಮಲೆನಾಡಿನಲ್ಲಿ ಜೀವ ತಗೊಳ್ತಿದೆ. ಡಿಸೆಂಬರಿಂದ ಮೇ ತಿಂಗಳ ತನಕ ಅದರ ಕಾಲ. ನಿಮ್ಮ ಮಗನಂಥೋರ ಚಾರಣದ ಕಾಲವೂ ಅದೇ ನೋಡಿ. ಬೆಂಗಳೂರಿನ ಹುಡುಗರು ಇಂಬಳಕ್ಕೆ ಕಿರುಚ್ತಾರೆ, ಒಣಗಿದೆ ಅಂತ ಎಲೆ ರಾಶಿ ಮೇಲೆ ಆರಾಮಾಗಿ ಒರಗ್ತಾರೆ. ಉದ್ದ ಪ್ಯಾಂಟು, ಪ್ಯಾಂಟನ್ನ ಕಾಲುಚೀಲದೊಳಗೆ ಸೇರಿಸೋದು, ಬಯಲಾದ ಮೈಗೆ ಡೀಪಾ ಎಣ್ಣೆ. ಆ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಊರೋರಿಗೆ ಕೊಡೋದು ಅದನ್ನೇ. ಇಳಿದು ಬಂದ ಮೇಲೆ ಬಿಸಿನೀರ ಸ್ನಾನ, ಬಟ್ಟೆಗೂ ಬಿಸಿನೀರು. ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ಊರಿನ ಆಸ್ಪತ್ರೆಗೆ ತಿಳಿಸೋದು. ಹದಿನೈದು ದಿನದೊಳಗೆ ಜ್ವರ ಬಂದ್ರೆ ಬೆಂಗಳೂರಿನ ಡಾಕ್ಟರ ಹತ್ರ 'ಮಲೆನಾಡಿನ ಕಾಡಿಗೆ ಹೋಗಿದ್ದೆ' ಅಂತ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ರೆ ಡೆಂಗಿ ಅಂತಲೇ ಹುಡುಕ್ತಾ ಕೂರ್ತಾರೆ. ಟೆಂಟಿನ ನೆಲಹಾಸು ಹಾಸೋದು ಇದೇ ಎಲೆಗಳ ಮೇಲೆ ಅನ್ನೋದನ್ನೂ ಜ್ಞಾಪಿಸಿ. ವ್ಯಾನಿನ ಹಲಗೆ ನೆಲದಿಂದ ಎರಡಡಿ ಮೇಲಿದೆ.

ಘಾಟಿ ಇಳಿಯೋದನ್ನೂ ಹೇಳಿಬಿಡ್ತೀನಿ, ಅವನು ಆಟೋಮ್ಯಾಟಿಕ್ ಕಾರಿನಲ್ಲಿ ಕಲಿತೋನು. ಯಾವ ಗೇರಲ್ಲಿ ಹತ್ತುತೀವೋ ಅದೇ ಗೇರಲ್ಲಿ ಇಳೀಬೇಕು. ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಹಾಕಿದ್ರೆ ಬ್ರೇಕ್ ಕಾದು ಕೊನೇ ತಿರುವಲ್ಲಿ ಹಿಡಿಯೋದೇ ಇಲ್ಲ. ಹತ್ತೋ ಗಾಡಿಗೆ ಮೊದಲು ದಾರಿ. ತಿರುವಿನಲ್ಲಿ ಹಾರ್ನ್ ಒಂದೇ ಸಲ, ಹಾಡು ಹಾಡಿದ ಹಾಗಲ್ಲ. ಕುದುರೆಮುಖದಿಂದ ಕಾರ್ಕಳದ ಕಡೆ ಇಳಿಯೋದಾದ್ರೆ ಕಾಡಿನ ಗೇಟಲ್ಲಿ ಹೊತ್ತು ಬರೆದ ಚೀಟಿ ಕೊಡ್ತಾರೆ, ನಡುವೆ ನಿಲ್ಲಿಸೋ ಹಾಗಿಲ್ಲ. ಫೋಟೋಕ್ಕೂ ನಿಲ್ಲಿಸೋ ಹಾಗಿಲ್ಲ.

ಇಷ್ಟೆಲ್ಲ ಹೇಳಿದ್ದಕ್ಕೆ ಅವನು ಏನಂತಾನೆ ಗೊತ್ತಾ? 'ಅಂಕಲ್, ಹಾಗಾದ್ರೆ ಅಡ್ವೆಂಚರ್ ಎಲ್ಲಿ ಬಂತು' ಅಂತಾನೆ. ಅಂಗಳದಲ್ಲಿ ಮಲಗೋದು, ಬಿಸಿನೀರ ಸ್ನಾನ, ಜೀಪು, ಚೀಟಿ. ಅವನ ಮಾತಲ್ಲೂ ಅರ್ಥ ಇದೆ ಅನ್ನಿ, ಇಪ್ಪತ್ತೆಂಟರ ವಯಸ್ಸಿನಲ್ಲಿ ನಮಗೂ ಹಾಗೇ ಅನ್ನಿಸ್ತಿತ್ತು. ಆದ್ರೆ ಬೆಟ್ಟ ಅವನ ಧೈರ್ಯ ತೋರಿಸೋಕೆ ಅಲ್ಲಿ ಕೂತಿಲ್ಲ. ಅದರ ಮೇಲೆ ಕಾಟಿ ಇದೆ, ಕಡವೆ ಇದೆ, ಮಳೆಗೆ ಕಾಯೋ ಹುಲ್ಲಿದೆ. ಹಗಲು ಅವಕ್ಕೆ ನಾವು ತೊಂದರೆ ಕೊಟ್ಟಿದ್ದೇ ಸಾಕು, ರಾತ್ರಿಯಾದ್ರೂ ಅವಕ್ಕೆ ಬಿಟ್ಟುಕೊಡೋಣ. 2022ರಲ್ಲಿ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ಕುರಿಂಜಿ ಅರಳಿತ್ತಲ್ಲ, ಹನ್ನೆರಡು ವರ್ಷಕ್ಕೊಮ್ಮೆ ಬರೋ ಹೂವು, ಅದನ್ನೂ ಬೊಗಸೆಗಟ್ಟಲೆ ಕಿತ್ತುಕೊಂಡು ಹೋದ್ರು ಜನ. ಅಂಥೋರ ಕೈಗೆ ರಾತ್ರಿಯನ್ನೂ ಕೊಟ್ರೆ ಮುಗೀತು.

ಓ, ನಿಮ್ಮ ಮನೆಯವರು ತಿಂಡಿಗೆ ಕರೀತಿದಾರೆ, ಹೋಗಿ. ಅವನಿಗೆ ಫೋನ್ ಮಾಡಿದಾಗ ಇಷ್ಟು ಹೇಳಿಬಿಡಿ ಸಾಕು: ವ್ಯಾನ್ ಕೊಡ್ತೀನಿ, ಟೆಂಟು ಬೆಂಗಳೂರಲ್ಲೇ ಬಿಟ್ಟು ಬರಲಿ. ಕುದುರೆಮುಖದ ಚೀಟಿ ಆನ್‌ಲೈನಲ್ಲಿ ಇವತ್ತೇ ನೋಡಲಿ, ಶನಿವಾರ ಭಾನುವಾರದ್ದು ಬೇಗ ಮುಗಿದುಹೋಗುತ್ತೆ. ಸಿಗದಿದ್ರೆ ಮಂಗಳವಾರ ಬುಧವಾರ ರಜೆ ಹಾಕಲಿ, ಬೆಟ್ಟದಲ್ಲಿ ಜನವೂ ಕಮ್ಮಿ ಇರ್ತಾರೆ. ಇಬ್ಬರದ್ದೂ ಗುರುತಿನ ಚೀಟಿ ಇರಲಿ. ಸ್ಟೆಪ್ನಿಗೆ ಗಾಳಿ ನಾನೇ ಹಾಕ್ಸಿಡ್ತೀನಿ, ಬ್ರೇಕೂ ತೋರಿಸಿಡ್ತೀನಿ. ಪೆಟ್ರೋಲ್ ಮಾತ್ರ ಅವನದೇ.